ಸುಬಾ ಹೋಯಿತು, ನಗರಸಭೆ ಬಂತು

ಒಂದು ಊರು ದೊಡ್ಡದೋ ಚಿಕ್ಕದೋ ಎಂಬುದನ್ನು ನೋಡಿದವರು ತಮಗೆ ತೋಚಿದಂತೆ ಹೇಳಬಹುದು. ಸರ್ಕಾರಕ್ಕೆ ಮಾತ್ರ ಅದು ಲೆಕ್ಕದ ವಿಷಯ. ಕರ್ನಾಟಕದಲ್ಲಿ ಊರಿನ ಜನಸಂಖ್ಯೆ 10 ಸಾವಿರ ದಾಟಿದರೆ ಪಟ್ಟಣ ಪಂಚಾಯಿತಿ, 20 ಸಾವಿರ ದಾಟಿದರೆ ಪುರಸಭೆ, 50 ಸಾವಿರ ದಾಟಿದರೆ ನಗರಸಭೆ. ಆದಾಯ, ಬೇಸಾಯ ಬಿಟ್ಟು ಬೇರೆ ಕಸುಬು ಮಾಡುವವರ ಪ್ರಮಾಣ ಮುಂತಾದ ಷರತ್ತುಗಳೂ ಉಂಟು. ಆದರೆ ಮೊದಲು ಕೇಳುವುದು ತಲೆ ಎಷ್ಟು ಎಂದೇ.

2011ರ ಜನಗಣತಿಯ ಪ್ರಕಾರ ಶಿರಾ ಪಟ್ಟಣದ ಜನಸಂಖ್ಯೆ 57 ಸಾವಿರಕ್ಕೂ ಹೆಚ್ಚು. ಮಧುಗಿರಿಯದು 29 ಸಾವಿರದ ಆಸುಪಾಸು, ಪಾವಗಡದ್ದು 28 ಸಾವಿರ, ಕೊರಟಗೆರೆಯದು 15 ಸಾವಿರ. ಹೀಗಾಗಿ ಶಿರಾ ನಗರಸಭೆಯಾಯಿತು, ಮಧುಗಿರಿ ಮತ್ತು ಪಾವಗಡ ಪುರಸಭೆಗಳಾಗಿ ಉಳಿದವು, ಕೊರಟಗೆರೆ ಪಟ್ಟಣ ಪಂಚಾಯಿತಿಯಲ್ಲೇ ನಿಂತಿತು. ಆದರೆ ಕಂದಾಯ ಇಲಾಖೆಯ ಏಣಿಯಲ್ಲಿ ಈ ಕ್ರಮ ಬದಲಾಗುತ್ತದೆ. ನಾಲ್ಕೂ ತಾಲ್ಲೂಕುಗಳು ಸೇರುವುದು ಮಧುಗಿರಿ ಉಪವಿಭಾಗಕ್ಕೆ. ತಹಸೀಲ್ದಾರರು ಮಾಡಿದ ಖಾತೆ ಬದಲಾವಣೆಯ ಮೇಲೆ ತಕರಾರು ಇದ್ದರೆ, ದೊಡ್ಡ ಊರಿನವನಾದ ಶಿರಾದ ರೈತ ಚಿಕ್ಕ ಊರಾದ ಮಧುಗಿರಿಯ ಉಪವಿಭಾಗಾಧಿಕಾರಿ ಕಚೇರಿಗೆ ಮೇಲ್ಮನವಿ ಹಿಡಿದು ಹೋಗಬೇಕು.

ಮುನ್ನೂರು ವರ್ಷಗಳ ಹಿಂದೆ ಕೋಲಾರ, ಹೊಸಕೋಟೆ, ದೊಡ್ಡಬಳ್ಳಾಪುರ, ಪೆನುಕೊಂಡೆಯ ಜನ ಅರ್ಜಿ ಹಿಡಿದು ಶಿರಾದ ಕಡೆಗೆ ಮುಖ ಮಾಡಬೇಕಿತ್ತು. ಅಂದಿನಿಂದ ಇಂದಿನವರೆಗೆ ಈ ಸೀಮೆಯಲ್ಲಿ ಕಚೇರಿ ಎಲ್ಲಿತ್ತೋ ಅಲ್ಲಿಗೆ ಜನ ಹೋದರು. ಕಚೇರಿ ಎದ್ದು ಹೋದಾಗ ಜನರೂ ಎದ್ದರು. ನೀರು ಮಾತ್ರ ಇವರಿಬ್ಬರ ಮಾತನ್ನೂ ಕೇಳಲಿಲ್ಲ.

ಐವತ್ತು ಸಾವಿರ ಮನೆ?

ಶಿರಾ ಊರಿನ ಸ್ಥಾಪನೆಯನ್ನು ರತ್ನಗಿರಿಯ ಪಾಳೆಯಗಾರ ರಂಗಪ್ಪ ನಾಯಕನಿಗೆ ಸಲ್ಲಿಸುತ್ತಾರೆ. ಕೋಟೆ ಪೂರ್ಣವಾಗುವ ಮೊದಲೇ, 1638ರಲ್ಲಿ, ಬಿಜಾಪುರದ ಸೇನಾನಿ ರಣದುಲ್ಲಾ ಖಾನ್ ಅದನ್ನು ಗೆದ್ದುಕೊಂಡ. ಬಿಜಾಪುರದ ಪರವಾಗಿ ಇಲ್ಲಿ ಆಡಳಿತ ನಡೆಸಿದ ಮಲಿಕ್ ರಿಹಾನನ ಗೋರಿ ಇಂದಿಗೂ ಶಿರಾದಲ್ಲಿದೆ. ಬಿಜಾಪುರ ಔರಂಗಜೇಬನ ಕೈವಶವಾದ ಮರುವರ್ಷ, ಅಂದರೆ 1687ರಲ್ಲಿ, ದಕ್ಷಿಣದ ಹೊಸ ಮೊಗಲ್ ಪ್ರಾಂತ್ಯಕ್ಕೆ ಶಿರಾ ರಾಜಧಾನಿಯಾಯಿತು. ಕಾಸಿಂ ಖಾನ್ ಅದರ ಮೊದಲ ಫೌಜುದಾರ. ಬಸವಾಪಟ್ಟಣ, ಬೂದಿಹಾಳ, ಶಿರಾ, ಪೆನುಕೊಂಡ, ದೊಡ್ಡಬಳ್ಳಾಪುರ, ಹೊಸಕೋಟೆ, ಕೋಲಾರ ಎಂಬ ಏಳು ಪರಗಣಗಳು ಇಲ್ಲಿನ ಅಧಿಕಾರಿಯ ನೇರ ಆಡಳಿತಕ್ಕೆ ಒಳಪಟ್ಟಿದ್ದವು. ಮೈಸೂರು, ಬಿದನೂರು, ಚಿತ್ರದುರ್ಗ, ಹರಪನಹಳ್ಳಿಗಳು ಕಪ್ಪ ಕೊಡಬೇಕಾದ ಸಂಸ್ಥಾನಗಳ ಪಟ್ಟಿಯಲ್ಲಿದ್ದವು. ಕಪ್ಪ ಸಮಯಕ್ಕೆ ಸರಿಯಾಗಿ ಬರುತ್ತಿತ್ತೇ ಎಂಬುದು ಬೇರೆ ಮಾತು.

ಮೊಗಲರು ಬಿಟ್ಟುಹೋದದ್ದು ಮಸೀದಿ, ಗೋರಿಗಳನ್ನಷ್ಟೇ ಅಲ್ಲ. ಪರಗಣವನ್ನು ಸಮ್ಮತ್, ತರಫ್‌ಗಳಾಗಿಯೂ ಅವನ್ನು ಮೌಜೆ, ಮಜರೆಗಳಾಗಿಯೂ ಒಡೆದು ಲೆಕ್ಕ ಇಡುವ ಪದ್ಧತಿಯನ್ನು ಇಲ್ಲಿ ಅವರು ಗಟ್ಟಿಮಾಡಿದರು. ಪಟೇಲರೊಂದಿಗೆ ಲೆಕ್ಕ ಚುಕ್ತಾ ಮಾಡಲು ದೇಶಮುಖ್, ಶಾನುಭೋಗರ ಕಡತ ತಪಾಸಣೆಗೆ ದೇಶಪಾಂಡೆ, ಹಳೆಯ ಕಟ್ಟುಪಾಡು ಮತ್ತು ಹೊಸ ಹುಕುಂ ದಾಖಲಿಸಲು ಕಾನೂಂಗೊ, ಕಂದಾಯದ ತಖ್ತೆ ಸಿದ್ಧಪಡಿಸಲು ಮಜುಮದಾರ ಎಂದು ಕೆಲಸಗಳನ್ನು ಹಂಚಿದ್ದರು. ದೊಡ್ಡ ಹಳ್ಳಿಗೆ ಅಂಟಿಕೊಂಡ ಚಿಕ್ಕ ಊರನ್ನು ‘ಮಜರೆ’ ಎಂದು, ಹೋಬಳಿಯ ಮುಖ್ಯ ಊರನ್ನು ‘ಕಸಬಾ’ ಎಂದು ಗ್ರಾಮ ಲೆಕ್ಕದ ಪುಸ್ತಕದಲ್ಲಿ ಈಗಲೂ ಬರೆಯುತ್ತಾರೆ. ಗ್ರಾಮ ಪಂಚಾಯಿತಿಯ ವರ್ಷದ ಲೆಕ್ಕವನ್ನು ಜನರೆದುರು ಓದುವ ಸಭೆಗೆ ‘ಜಮಾಬಂದಿ’ ಎಂದೇ ಹೆಸರು. ಸುಬಾ ಅಳಿದರೂ ಅದರ ಗುಮಾಸ್ತರ ಭಾಷೆ ಅಳಿದಿಲ್ಲ.

ಶಿರಾ ಉತ್ಕರ್ಷಕ್ಕೆ ಬಂದದ್ದು ಹದಿನೆಂಟನೇ ಶತಮಾನದ ಪೂರ್ವಾರ್ಧದಲ್ಲಿ, ದಿಲಾವರ್ ಖಾನನ ಕಾಲದಲ್ಲಿ. ಅವನು ಕಟ್ಟಿಸಿದ ಅರಮನೆಯನ್ನು ನೋಡಿಯೇ ಬೆಂಗಳೂರು ಮತ್ತು ಶ್ರೀರಂಗಪಟ್ಟಣದ ಅರಮನೆಗಳನ್ನು ರೂಪಿಸಲಾಯಿತು ಎಂಬ ಮಾತಿದೆ. ಇಲ್ಲಿನ ಖಾನ್ ಬಾಗ್ ತೋಟ ಹೈದರಾಲಿಯ ಲಾಲ್‌ಬಾಗಿಗೆ ಮಾದರಿಯಾಗಿರಬಹುದು ಎಂದವರೂ ಉಂಟು. ಆ ಕಾಲದ ಶಿರಾದಲ್ಲಿ 50 ಸಾವಿರ ಮನೆಗಳಿದ್ದವು ಎಂದು ಮೈಸೂರು ಗೆಜೆಟಿಯರ್‌ನಲ್ಲಿ ರೈಸ್ ದಾಖಲಿಸಿದ್ದಾರೆ.

ಈ ಅಂಕಿ ತುಸು ಅನುಮಾನಕ್ಕೆ ಎಡೆ ಕೊಡುತ್ತದೆ. ಮನೆಗೆ ನಾಲ್ಕೇ ಜನ ಎಂದು ಹಿಡಿದರೂ ಎರಡು ಲಕ್ಷವಾಯಿತು. ಬಯಲುಸೀಮೆಯ ಕೆರೆ ಬಾವಿಗಳನ್ನೇ ನಂಬಿದ ಊರು ಅಷ್ಟು ಜನರ ಬಾಯಾರಿಕೆಯನ್ನು ಹೇಗೆ ನೀಗಿತು? ಅಂದು ಯಾರೂ ಮನೆಮನೆಗೆ ಹೋಗಿ ಎಣಿಸಿರಲಿಲ್ಲ. ವೈಭವದ ಕಾಲವನ್ನು ನೆನೆಯುವವರ ಬಾಯಲ್ಲಿ ಸೊನ್ನೆಗಳು ಸುಲಭವಾಗಿ ಬೆಳೆಯುತ್ತವೆ. ಆದರೂ ಅದರ ಕಾಲುಭಾಗ ನಿಜವಾಗಿದ್ದರೂ ಶಿರಾ ಅಂದಿನ ಮೈಸೂರು ನಾಡಿನ ಬಹುದೊಡ್ಡ ಪಟ್ಟಣಗಳಲ್ಲಿ ಒಂದು ಎಂಬುದರಲ್ಲಿ ಸಂಶಯವಿಲ್ಲ. ಅದಕ್ಕೆ ಪರೋಕ್ಷ ಸಾಕ್ಷಿ ಸಿಗುವುದು ಊರು ಖಾಲಿಯಾದ ಕಥೆಯಲ್ಲಿ.

1757ರಲ್ಲಿ ಶಿರಾ ಮರಾಠರ ಪಾಲಾಯಿತು. 1761ರಲ್ಲಿ ನಿಜಾಮನ ತಮ್ಮ ಬಸಾಲತ್ ಜಂಗ್‌ನೊಂದಿಗೆ ಕೂಡಿಕೊಂಡು ಹೈದರಾಲಿ ಅದನ್ನು ಹಿಡಿದ. ಹೈದರ್ ‘ಶಿರಾದ ನವಾಬ’ ಎನಿಸಿಕೊಂಡದ್ದು ಆಗಲೇ. 1766ರಲ್ಲಿ ಹೈದರನ ಭಾವಮೈದುನನೇ ಊರನ್ನು ಮರಾಠರಿಗೆ ಒಪ್ಪಿಸಿದ. 1774ರಲ್ಲಿ ಟಿಪ್ಪು ಮತ್ತೆ ವಶಪಡಿಸಿಕೊಂಡ. ಹದಿನೇಳು ವರ್ಷಗಳಲ್ಲಿ ಇಷ್ಟು ಬಾರಿ ಧಣಿ ಬದಲಾದರೆ ಯಾವ ಪೇಟೆಯ ವ್ಯಾಪಾರಿ ತಾನೇ ನೆಮ್ಮದಿಯಾಗಿ ಅಂಗಡಿ ತೆರೆದಾನು? ಕೊನೆಗೆ, ಶ್ರೀರಂಗಪಟ್ಟಣದ ದ್ವೀಪದಲ್ಲಿ ಹೊಸದಾಗಿ ಕಟ್ಟಿದ ಶಹರ್ ಗಂಜಾಂ ಪೇಟೆಯನ್ನು ತುಂಬಿಸಲು ಟಿಪ್ಪು ಶಿರಾದಿಂದ 12 ಸಾವಿರ ಕುಟುಂಬಗಳನ್ನು ಬಲವಂತವಾಗಿ ಸಾಗಿಸಿದ ಎಂದು ಅದೇ ಗೆಜೆಟಿಯರ್ ಹೇಳುತ್ತದೆ. ಶ್ರೀರಂಗಪಟ್ಟಣಕ್ಕೆ ಹೋದವರು ಇಂದಿಗೂ ಕಾಣುವ ಗಂಜಾಂ ಬಡಾವಣೆಯ ಮೂಲದಲ್ಲಿ ಶಿರಾದ ಜನರಿದ್ದಾರೆ.

ಗಡಿ ಎಳೆದವರು

1799ರಲ್ಲಿ ಟಿಪ್ಪುವಿನ ರಾಜ್ಯವನ್ನು ಹಂಚಿಕೊಂಡಾಗ ಈ ಸೀಮೆಗೆ ಮತ್ತೊಂದು ಪೆಟ್ಟು ಬಿತ್ತು. ಅನಂತಪುರದ ಕಡೆಯ ಪ್ರದೇಶ ನಿಜಾಮನಿಗೆ ಹೋಗಿ, ಮರುವರ್ಷವೇ ಅವನು ಅದನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ. ಮೈಸೂರಿನಲ್ಲಿ ಉಳಿದ ಪಾವಗಡದ ಸುತ್ತ ಬಹುಪಾಲು ಕಂಪನಿಯ ನೆಲವಾಯಿತು. ಇಂದು ಭೂಪಟದಲ್ಲಿ ಪಾವಗಡ ಆಂಧ್ರದೊಳಕ್ಕೆ ಚಾಚಿದ ತುಂಡಿನಂತೆ ಕಾಣುವುದಕ್ಕೂ, ಮಡಕಶಿರಾ ಭಾಗ ಶಿರಾ ಮತ್ತು ಪಾವಗಡಗಳ ನಡುವೆ ನುಗ್ಗಿ ಕುಳಿತಿರುವುದಕ್ಕೂ ಈ ಹಂಚಿಕೆಯೇ ಕಾರಣ. ಗಡಿ ಎಳೆದವರು ಮನೆಮಾತನ್ನು ಕೇಳಲಿಲ್ಲ. ಆಂಧ್ರಕ್ಕೆ ಸೇರಿದ ಅಮರಾಪುರಂ, ರೊಳ್ಳ, ಅಗಳಿ ಕಡೆ ಕನ್ನಡ ಶಾಲೆಗಳಿವೆ. ಕರ್ನಾಟಕದ ಪಾವಗಡದ ಸಂತೆಯಲ್ಲಿ ತೆಲುಗು ಧಾರಾಳವಾಗಿ ಕೇಳಿಸುತ್ತದೆ. ಶಿರಾ ಪೇಟೆಯಲ್ಲಿ ಇವೆರಡರ ಜೊತೆಗೆ ಉರ್ದು. ಒಂದೇ ಅಂಗಡಿಯ ಮುಂದೆ ಮೂರು ಭಾಷೆಯಲ್ಲಿ ಚೌಕಾಶಿ ನಡೆಯುವುದು ಇಲ್ಲಿ ಯಾರಿಗೂ ವಿಶೇಷವಲ್ಲ.

1831ರಲ್ಲಿ ಬ್ರಿಟಿಷರು ಮೈಸೂರಿನ ಆಡಳಿತವನ್ನು ಕೈಗೆತ್ತಿಕೊಂಡ ಮೇಲೆ ಚಿತ್ರದುರ್ಗ ವಿಭಾಗದ ಸೂಪರಿಂಟೆಂಡೆಂಟ್ ಆಗಿ ಬಂದವರು ಡಾಬ್ಸ್. ಕಾಲು ಶತಮಾನದಷ್ಟು ಕಾಲ ಆ ಹುದ್ದೆಯಲ್ಲಿದ್ದ ಅವರು ಠಾಣ್ಯ ಹೂಡಿದ್ದು ತುಮಕೂರಿನಲ್ಲಿ. ಬೆಂಗಳೂರು–ತುಮಕೂರು ಹೆದ್ದಾರಿಯ ಡಾಬಸ್‌ಪೇಟೆಗೆ ಅವರದೇ ಹೆಸರು. 1860ರ ದಶಕದಲ್ಲಿ ಜಿಲ್ಲೆಗಳು ರಚನೆಯಾದಾಗ ಜಿಲ್ಲಾ ಕೇಂದ್ರದ ಪಟ್ಟ ತುಮಕೂರಿಗೆ ಸಂದಿತು. ಏಳು ಪರಗಣಗಳ ರಾಜಧಾನಿ ಅಮಲ್ದಾರರು ಕೂರುವ ಒಂದು ತಾಲ್ಲೂಕು ಕಸಬೆಯಾಯಿತು. ರೈಲು ಕೂಡ ಶಿರಾದ ದಾರಿ ಹಿಡಿಯಲಿಲ್ಲ. 1884ರಲ್ಲಿ ಬೆಂಗಳೂರಿನಿಂದ ತುಮಕೂರಿಗೆ ಬಂದ ಹಳಿಗಳು ಮುಂದೆ ತಿಪಟೂರು, ಅರಸೀಕೆರೆಯತ್ತ ತಿರುಗಿ ಹರಿಹರಕ್ಕೆ ಹೋದವು. ತಿಪಟೂರಿನ ಕೊಬ್ಬರಿಗೆ ವ್ಯಾಗನ್ ಸಿಕ್ಕಿತು. ಮಧುಗಿರಿ, ಪಾವಗಡದ ಕಡಲೆಕಾಯಿ ಗಾಡಿಯಲ್ಲೇ ಉಳಿಯಿತು. ಶಿರಾದ ಪುಣ್ಯಕ್ಕೆ ಪುಣೆಯ ಹೆದ್ದಾರಿ ಊರಿನ ಮೂಲಕ ಹಾದುಹೋಯಿತು. ಇಪ್ಪತ್ತನೇ ಶತಮಾನದಲ್ಲಿ ಊರು ಮತ್ತೆ ಬೆಳೆದದ್ದಕ್ಕೆ ಲಾರಿ, ಬಸ್ಸುಗಳು ಓಡಾಡುವ ಈ ರಸ್ತೆಯೇ ಬಹುಮಟ್ಟಿಗೆ ಕಾರಣ.

ಮೈಸೂರು ಸಂಸ್ಥಾನದಲ್ಲಿ ಕ್ರಮಬದ್ಧವಾದ ಮೊದಲ ಖಾನೇಷುಮಾರಿ ನಡೆದದ್ದು 1871ರಲ್ಲಿ. ಅಂದು ಸಂಸ್ಥಾನದ ಜನಸಂಖ್ಯೆ 50 ಲಕ್ಷ 55 ಸಾವಿರ. ಹತ್ತು ವರ್ಷಗಳ ನಂತರ ಎಣಿಸಿದಾಗ ಸಿಕ್ಕಿದ್ದು 41 ಲಕ್ಷ 86 ಸಾವಿರ. ನಡುವೆ ಧಾತು, ಈಶ್ವರ ಸಂವತ್ಸರಗಳ ಬರ ಬಂದುಹೋಗಿತ್ತು. ಮಳೆಯನ್ನೇ ನಂಬಿದ ಪೂರ್ವದ ಬಯಲುಸೀಮೆಗೆ ಆ ಬರ ಕೊಟ್ಟ ಏಟು ಭಾರಿಯಾದದ್ದು. ಟಿಪ್ಪುವಿನ ಹುಕುಂ ಒಂದು ಊರನ್ನು ಖಾಲಿ ಮಾಡಿದರೆ, ಬರ ಇಡೀ ಸೀಮೆಯನ್ನೇ ಖಾಲಿ ಮಾಡಿತು.

ಮೊದಲು ಜನ, ಆಮೇಲೆ ಸಭೆ

ಶಿರಾದ ಕಥೆಗೆ ತದ್ವಿರುದ್ಧವಾದ ಉದಾಹರಣೆ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಂ. ಅಲ್ಲಿ ಸುಬೇದಾರ ಇರಲಿಲ್ಲ, ಕೋಟೆಯ ದರ್ಬಾರೂ ಇರಲಿಲ್ಲ. ಕಬ್ಬಿಣ, ಹಿತ್ತಾಳೆ, ಗುಂಡಿ, ಬಂದೂಕು ಮಾಡುವ ಕಮ್ಮಟಗಳಿದ್ದವು, ಅದಕ್ಕಾಗಿ ಜನ ಬಂದರು. 1801ರಲ್ಲಿ ಇಂಗ್ಲೆಂಡಿನ ಮೊದಲ ಜನಗಣತಿ ನಡೆದಾಗ ಅಲ್ಲಿ 70 ಸಾವಿರಕ್ಕೂ ಹೆಚ್ಚು ಮಂದಿ ಇದ್ದರು. ಅವರಿಗೆ ಚುನಾಯಿತ ನಗರಸಭೆಯೂ ಇರಲಿಲ್ಲ, ಪಾರ್ಲಿಮೆಂಟಿನಲ್ಲಿ ತಮ್ಮದೇ ಸದಸ್ಯನೂ ಇರಲಿಲ್ಲ. ಬೀದಿ ದೀಪ, ಕಸ, ಚರಂಡಿಗಳನ್ನು 1769ರ ಕಾಯಿದೆಯಂತೆ ನೇಮಕವಾದ ಕಮಿಷನರುಗಳು ನೋಡಿಕೊಳ್ಳುತ್ತಿದ್ದರು. ಪಾರ್ಲಿಮೆಂಟಿನಲ್ಲಿ ಸ್ಥಾನ ಸಿಕ್ಕಿದ್ದು 1832ರಲ್ಲಿ, ನಗರಸಭೆ ಬಂದದ್ದು 1838ರಲ್ಲಿ.

ಬಂದ ಮೇಲೆ ಅದು ಸುಮ್ಮನೆ ಕೂರಲಿಲ್ಲ. 1873ರಿಂದ 76ರವರೆಗೆ ಮೇಯರ್ ಆಗಿದ್ದ ಜೋಸೆಫ್ ಚೇಂಬರ್ಲೇನ್, ಖಾಸಗಿ ಕಂಪನಿಗಳ ಕೈಯಲ್ಲಿದ್ದ ಗ್ಯಾಸ್ ಮತ್ತು ನೀರು ಸರಬರಾಜನ್ನು ನಗರಸಭೆಗೆ ತಂದರು. ಊರಿನ ಬಾವಿಗಳು ಸಾಲದಾದಾಗ ವೇಲ್ಸ್‌ನ ಎಲಾನ್ ಕಣಿವೆಯಲ್ಲಿ ಅಣೆಕಟ್ಟು ಕಟ್ಟಿ, ಸುಮಾರು 117 ಕಿ.ಮೀ. ದೂರ ಪಂಪಿನ ನೆರವಿಲ್ಲದೆ ಇಳಿಜಾರಿನಲ್ಲೇ ನೀರು ಹರಿಸಿದರು. 1904ರಲ್ಲಿ ಅದು ಉದ್ಘಾಟನೆಯಾಯಿತು. ಆ ಕಣಿವೆಯಲ್ಲಿ ನೂರರಷ್ಟು ಮಂದಿ ಮನೆ ಬಿಡಬೇಕಾಯಿತು. ಪರಿಹಾರ ಸಿಕ್ಕಿದ್ದು ಜಮೀನಿನ ಒಡೆಯರಿಗೆ ಮಾತ್ರ. 2021ರ ಎಣಿಕೆಯಲ್ಲಿ ಬರ್ಮಿಂಗ್‌ಹ್ಯಾಂ ನಗರದ ಜನಸಂಖ್ಯೆ 11 ಲಕ್ಷ 44 ಸಾವಿರ. ಅದರಲ್ಲಿ ಬಿಳಿಯರು ಅರ್ಧಕ್ಕಿಂತ ತುಸು ಕಡಿಮೆ. ಭಾರತ, ಪಾಕಿಸ್ತಾನ, ಬಾಂಗ್ಲಾದೇಶ ಮೂಲದ ಕುಟುಂಬಗಳು ಅಲ್ಲಿ ತಲೆಮಾರುಗಳಿಂದ ನೆಲೆಸಿವೆ. ಅಷ್ಟೂ ಜನರ ಶಾಲೆ, ರಸ್ತೆ, ಕಸ, ವೃದ್ಧರ ಆರೈಕೆ ಎಲ್ಲವೂ ಒಂದೇ ನಗರ ಮಂಡಳಿಯ ಹೊಣೆ. ಆ ಹೊಣೆಯನ್ನು ಹೊರಲು ಹಣ ಸಾಲದೆ 2023ರ ಸೆಪ್ಟೆಂಬರಿನಲ್ಲಿ ಮಂಡಳಿ ತಾನು ದಿವಾಳಿಯ ಅಂಚಿನಲ್ಲಿರುವುದಾಗಿ ಅಧಿಕೃತವಾಗಿ ಪ್ರಕಟಿಸಿತು. ದೊಡ್ಡ ಊರಿನ ಕಷ್ಟಗಳೂ ದೊಡ್ಡವೇ.

ನಮ್ಮ ನಾಲ್ಕು ತಾಲ್ಲೂಕುಗಳಿಗೆ ಆ ಹಂತ ಬಂದಿಲ್ಲ. ಇಲ್ಲಿನ ಸಭೆಗಳ ಕೈಗೆ ಅಷ್ಟು ಹಣವನ್ನು ಯಾರೂ ಕೊಟ್ಟೂ ಇಲ್ಲ.

ನೀರುಗಂಟಿಯಿಂದ ಕೊಳವೆಬಾವಿಗೆ

ಬೋರ್ಡು, ಪಂಚಾಯಿತಿಗಳು ಬರುವ ಮೊದಲು ಈ ಹಳ್ಳಿಗಳ ಸಾರ್ವಜನಿಕ ಸೇವೆ ನಡೆಯುತ್ತಿದ್ದುದು ಆಯಗಾರರಿಂದ. ಗೌಡ, ಶಾನುಭೋಗ, ತಳವಾರ, ತೋಟಿ, ಬಡಗಿ, ಕಮ್ಮಾರ, ಅಗಸ, ಕ್ಷೌರಿಕ ಮುಂತಾದವರಿಗೆ ಕಣದಲ್ಲಿ ಅಳೆದುಕೊಡುವ ದವಸವೇ ಸಂಬಳ, ಕೆಲವರಿಗೆ ಇನಾಂ ಜಮೀನು. ಇವರಲ್ಲಿ ನೀರುಗಂಟಿಯ ಪಾತ್ರ ವಿಶೇಷವಾದದ್ದು. ಕೆರೆಯ ತೂಬು ಎತ್ತುವುದು, ಯಾರ ಗದ್ದೆಗೆ ಯಾವಾಗ ನೀರು ಎಂದು ನೋಡಿಕೊಳ್ಳುವುದು ಅವನ ಕೆಲಸ. ವ್ಯವಸ್ಥೆ ಅಚ್ಚುಕಟ್ಟಾಗಿತ್ತು ಎಂದು ಹೊಗಳುವವರು, ಯಾರು ಯಾವ ಕೆಲಸ ಮಾಡಬೇಕೆಂಬುದನ್ನು ಜಾತಿಯೇ ತೀರ್ಮಾನಿಸುತ್ತಿತ್ತು ಎಂಬುದನ್ನು ಮರೆಯಬಾರದು. ವಂಶಪಾರಂಪರ್ಯದ ಗ್ರಾಮಾಧಿಕಾರವನ್ನು ರದ್ದುಮಾಡುವ ಕಾಯಿದೆ 1961ರಲ್ಲಿ ಬಂದು 1963ರಲ್ಲಿ ಜಾರಿಯಾಯಿತು. ಪಟೇಲ, ಶಾನುಭೋಗರ ಜಾಗಕ್ಕೆ ಸರ್ಕಾರಿ ಗ್ರಾಮಲೆಕ್ಕಿಗ ಬಂದ. ತೂಬಿನ ಬಳಿಗೆ ಯಾರೂ ಬರಲಿಲ್ಲ.

ಇತ್ತ ಚುನಾಯಿತ ಸಂಸ್ಥೆಗಳು ನಿಧಾನವಾಗಿ ಹುಟ್ಟಿಕೊಂಡವು. ಮೈಸೂರಿನಲ್ಲಿ 1902, 1918 ಮತ್ತು 1926ರ ಕಾನೂನುಗಳು ಸ್ಥಳೀಯ ಬೋರ್ಡು, ಗ್ರಾಮ ಪಂಚಾಯಿತಿಗಳಿಗೆ ರೂಪ ಕೊಟ್ಟವು. ಓಟಿನ ಹಕ್ಕು ಮಾತ್ರ ಕಂದಾಯ, ತೆರಿಗೆ ಕಟ್ಟುವ ಕೆಲವರದು. ನಿಜವಾದ ತಿರುವು 1983ರ ಕಾಯಿದೆಯದು. ರಾಮಕೃಷ್ಣ ಹೆಗಡೆ ಸರ್ಕಾರದಲ್ಲಿ ಪಂಚಾಯತ್ ರಾಜ್ ಸಚಿವರಾಗಿದ್ದ ಅಬ್ದುಲ್ ನಜೀರ್ ಸಾಬ್ ಅದರ ಶಿಲ್ಪಿ. 1987ರಲ್ಲಿ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳಿಗೆ ಚುನಾವಣೆ ನಡೆಯಿತು. ಹೆಂಗಸರಿಗೆ ನಾಲ್ಕನೇ ಒಂದು ಪಾಲು ಸ್ಥಾನ ಮೀಸಲಿಟ್ಟಿದ್ದ ಕಾಯಿದೆ ಅದು. 1993ರಲ್ಲಿ ಅದರ ಜಾಗಕ್ಕೆ ಇಂದಿನ ಪಂಚಾಯತ್ ರಾಜ್ ಕಾಯಿದೆ ಬಂತು. ಚುನಾವಣೆ ಸಂವಿಧಾನದಲ್ಲೇ ಕಡ್ಡಾಯವಾಯಿತು. ಕಡ್ಡಾಯ ಎಂದ ಮಾತ್ರಕ್ಕೆ ಸಮಯಕ್ಕೆ ನಡೆಯುತ್ತದೆಂದಲ್ಲ. 2016ರಲ್ಲಿ ಆಯ್ಕೆಯಾದ ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದ ಮೇಲೆ ಮುಂದಿನ ಚುನಾವಣೆ ವರ್ಷಗಟ್ಟಲೆ ಮುಂದಕ್ಕೆ ಹೋಯಿತು.

ನಜೀರ್ ಸಾಬ್ ಅವರನ್ನು ಜನ ಪ್ರೀತಿಯಿಂದ ‘ನೀರ್ ಸಾಬ್’ ಎಂದು ಕರೆದರು. ಹಳ್ಳಿಹಳ್ಳಿಗೆ ಕೊಳವೆಬಾವಿ ಕೊರೆಸಿದ್ದು ಅದಕ್ಕೆ ಕಾರಣ. ಬೋರಿನ ಕೈಪಂಪು ಈ ಸೀಮೆಯ ಹೆಂಗಸರಿಗೆ ಮೈಲಿಗಟ್ಟಲೆ ನಡೆಯುವ ಕಷ್ಟವನ್ನು ತಪ್ಪಿಸಿತು ಎಂಬುದು ನಿಜ. ಮುಂದಿನ ದಶಕಗಳಲ್ಲಿ ಹೊಲಕ್ಕೂ ಬೋರು ಬಂತು, ಅಂತರ್ಜಲ ಆಳಕ್ಕಿಳಿಯಿತು. ಕಲ್ಲಿನ ಪದರಗಳ ನಡುವೆ ಬಹುಕಾಲ ನಿಂತ ನೀರಿನಲ್ಲಿ ಫ್ಲೋರೈಡ್ ಕರಗಿರುತ್ತದೆ. ಲೀಟರಿಗೆ ಒಂದೂವರೆ ಮಿಲಿಗ್ರಾಂ ಮೀರಬಾರದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಿತಿ. ಪಾವಗಡದ ಹಳ್ಳಿಗಳ ಬಾವಿಗಳು ಅದನ್ನು ಮೀರಿದವು. ಮಕ್ಕಳ ಹಲ್ಲಿನ ಮೇಲೆ ಕಂದು ಕಲೆ, ದೊಡ್ಡವರ ಬೆನ್ನು ಮೊಣಕಾಲು ಬಿಗಿತ ಇಲ್ಲಿನವರಿಗೆ ಚಿರಪರಿಚಿತ. ಕ್ಯಾನು ಹಿಡಿದು ಶುದ್ಧ ನೀರಿನ ಘಟಕದ ಮುಂದೆ ಸಾಲು ನಿಲ್ಲುವುದು ದಿನಚರಿಯಾಯಿತು. ತುಂಗಭದ್ರಾ ಹಿನ್ನೀರನ್ನು ಪಾವಗಡಕ್ಕೆ ತರುವ ಕುಡಿಯುವ ನೀರಿನ ಯೋಜನೆ ಹುಟ್ಟಿದ್ದು ಈ ಹಿನ್ನೆಲೆಯಲ್ಲಿ.

ಮಳೆ ಕೈಕೊಟ್ಟರೂ ಪಾವಗಡಕ್ಕೆ ಬಿಸಿಲು ಕೈಕೊಡಲಿಲ್ಲ. ತಿರುಮಣಿ ಸುತ್ತಲಿನ ಐದು ಹಳ್ಳಿಗಳ ಸುಮಾರು 13 ಸಾವಿರ ಎಕರೆಯಲ್ಲಿ 2018ರಿಂದ ಸೌರ ವಿದ್ಯುತ್ ಪಾರ್ಕ್ ಕೆಲಸ ಮಾಡುತ್ತಿದೆ. ಅದರ ಸಾಮರ್ಥ್ಯ 2,050 ಮೆಗಾವಾಟ್. ಜಮೀನನ್ನು ಕೊಳ್ಳದೆ ಎಕರೆಗೆ ವರ್ಷಕ್ಕೆ 21 ಸಾವಿರ ರೂಪಾಯಿಯಿಂದ ಆರಂಭಿಸಿ ಗುತ್ತಿಗೆಗೆ ಪಡೆದದ್ದು ಒಳ್ಳೆಯ ಕ್ರಮವೆಂದು ಹೆಸರಾಯಿತು. ಹೊಲ ಉಳ್ಳವರಿಗೆ ಬರಗಾಲದಲ್ಲೂ ಖಚಿತ ಆದಾಯ. ಅದೇ ಹೊಲದಲ್ಲಿ ಕಳೆ ಕೀಳುತ್ತಿದ್ದ, ಕಡಲೆಕಾಯಿ ಬಿಡಿಸುತ್ತಿದ್ದ, ಕುರಿ ಮೇಯಿಸುತ್ತಿದ್ದ ಜಮೀನಿಲ್ಲದವರಿಗೆ ಗುತ್ತಿಗೆಯೂ ಇಲ್ಲ, ಕೂಲಿಯೂ ಇಲ್ಲ. ಎಲಾನ್ ಕಣಿವೆಯಲ್ಲಿ ಬರಿಗೈಯಲ್ಲಿ ಎದ್ದುಹೋದವರದ್ದೂ ಇದೇ ಕಥೆ.

ಶಿರಾದ ನೀರಿನ ಆಸೆ ಹೇಮಾವತಿಯ ಮೇಲೆ. ಗೊರೂರಿನಿಂದ ನಾಲೆಯಲ್ಲಿ ಬರುವ ನೀರು ಕಳ್ಳಂಬೆಳ್ಳ ಕೆರೆ, ಶಿರಾ ಕೆರೆಗಳನ್ನು ತಲುಪುತ್ತದೆ. ಅಲ್ಲಿಂದಾಚೆ ಮದಲೂರು ಕೆರೆಗೆ ಹರಿಸಬೇಕೇ ಬೇಡವೇ ಎಂಬುದು 2020ರ ಶಿರಾ ಉಪಚುನಾವಣೆಯ ಮುಖ್ಯ ವಿಷಯವಾಗಿತ್ತು. ಒಂದು ಕೆರೆಯ ತೂಬು ಇಡೀ ರಾಜ್ಯದ ಮುಖಂಡರನ್ನು ಊರಿಗೆ ಕರೆತಂದಿತು. ಹಳೆಯ ನೀರುಗಂಟಿ ಇದ್ದಿದ್ದರೆ ಬೆರಗಾಗುತ್ತಿದ್ದ. ಕೊರಟಗೆರೆಯ ಪ್ರಶ್ನೆ ಇನ್ನೊಂದು ಬಗೆಯದು. ಎತ್ತಿನಹೊಳೆ ಯೋಜನೆಗಾಗಿ ಬೈರಗೊಂಡ್ಲು ಬಳಿ ಜಲಾಶಯ ಎಂದಾಗ, ಮುಳುಗುವ ನೆಲ ಕೊರಟಗೆರೆ ಮತ್ತು ದೊಡ್ಡಬಳ್ಳಾಪುರ ಎರಡೂ ತಾಲ್ಲೂಕುಗಳದ್ದಾಗಿತ್ತು. ಪಕ್ಕಪಕ್ಕದ ಹೊಲಗಳಿಗೆ ಬೇರೆ ಬೇರೆ ಬೆಲೆ ಏಕೆ ಎಂದು ರೈತರು ಪಟ್ಟುಹಿಡಿದರು. ಕಾಗದದ ಮೇಲಿನ ತಾಲ್ಲೂಕು ಗಡಿ ಎಷ್ಟು ಬೆಲೆಬಾಳುತ್ತದೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಜಿಲ್ಲೆಯ ಕನಸು

ತಲೆಯೆಣಿಕೆ ಊರಿನ ಸಭೆಯನ್ನಷ್ಟೇ ಅಲ್ಲ, ವಿಧಾನಸಭೆಯ ಕುರ್ಚಿಯನ್ನೂ ಸರಿಸುತ್ತದೆ. ದಶಕಗಳ ಕಾಲ ಪರಿಶಿಷ್ಟ ಜಾತಿಯ ಮೀಸಲು ಕ್ಷೇತ್ರವಾಗಿದ್ದ ಮಧುಗಿರಿ, 2001ರ ಜನಗಣತಿ ಆಧರಿಸಿದ ಪುನರ್ವಿಂಗಡಣೆಯ ನಂತರ 2008ರಲ್ಲಿ ಸಾಮಾನ್ಯ ಕ್ಷೇತ್ರವಾಯಿತು. ಮೀಸಲು ಪಕ್ಕದ ಕೊರಟಗೆರೆಗೆ ಹೋಯಿತು. ಪಾವಗಡ ಮೊದಲಿನಂತೆ ಮೀಸಲಾಗಿ ಉಳಿಯಿತು. ಪ್ರಾದೇಶಿಕ ಅಸಮತೋಲನ ಅಳೆಯಲು ನೇಮಿಸಿದ್ದ ನಂಜುಂಡಪ್ಪ ಸಮಿತಿ 2002ರಲ್ಲಿ ರಾಜ್ಯದ 175 ತಾಲ್ಲೂಕುಗಳಲ್ಲಿ 114ನ್ನು ಹಿಂದುಳಿದವೆಂದು ಗುರುತಿಸಿತು. ಈ ನಾಲ್ಕೂ ಆ ಪಟ್ಟಿಯಲ್ಲಿವೆ.

2011ರಲ್ಲಿ ತುಮಕೂರು ಜಿಲ್ಲೆಯ ಜನಸಂಖ್ಯೆ 26 ಲಕ್ಷ 78 ಸಾವಿರ, ತಾಲ್ಲೂಕುಗಳು ಹತ್ತು. ಶಾಲೆಗಳ ಆಡಳಿತಕ್ಕೆ ಮಧುಗಿರಿ ಈಗಾಗಲೇ ಪ್ರತ್ಯೇಕ ಜಿಲ್ಲೆ. ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ಈ ನಾಲ್ಕು ತಾಲ್ಲೂಕುಗಳ ಹೆಸರು ಬೇರೆಯಾಗಿಯೇ ಪತ್ರಿಕೆಯಲ್ಲಿ ಬರುತ್ತದೆ. ಕಂದಾಯ ಜಿಲ್ಲೆಯೂ ಆಗಲಿ ಎಂಬ ಕೂಗು ಹಳೆಯದು. 1997ರಲ್ಲಿ ದಾವಣಗೆರೆ ಸೇರಿ ಏಳು ಹೊಸ ಜಿಲ್ಲೆಗಳಾದಾಗ, ಆಮೇಲೆ ರಾಮನಗರ, ಚಿಕ್ಕಬಳ್ಳಾಪುರ, ಯಾದಗಿರಿ, ವಿಜಯನಗರ ಆದಾಗಲೂ ಮಧುಗಿರಿಯ ಹೆಸರು ಪಟ್ಟಿಗೆ ಸೇರಲಿಲ್ಲ. ಜಿಲ್ಲೆ ಆದರೆ ಸುಬಾದ ರಾಜಧಾನಿಯಾಗಿದ್ದ ಶಿರಾ ಮಧುಗಿರಿಯ ಕೈಕೆಳಗೆ ಇರಲು ಒಪ್ಪುತ್ತದೆಯೇ ಎಂಬುದು ಇನ್ನೊಂದು ಪ್ರಶ್ನೆ. ಜನಸಂಖ್ಯೆಯ ಬಲ ಶಿರಾದ್ದು, ಕಚೇರಿಗಳ ಬಲ ಮಧುಗಿರಿಯದು.

2021ರಲ್ಲಿ ನಡೆಯಬೇಕಿದ್ದ ಜನಗಣತಿ ಆ ವರ್ಷ ನಡೆಯಲಿಲ್ಲ. 2027ರ ಮಾರ್ಚ್ 1ನ್ನು ಆಧಾರ ದಿನವಾಗಿಟ್ಟು ಎಣಿಸಲಾಗುವುದೆಂದು ಕೇಂದ್ರ ಸರ್ಕಾರ 2025ರಲ್ಲಿ ಪ್ರಕಟಿಸಿತು. ಬೆಂಗಳೂರಿನ ಕಾರ್ಖಾನೆ, ಕಟ್ಟಡಗಳಿಗೆ ದುಡಿಯಲು ಹೋದವರು ಎಣಿಕೆಯ ಹೊತ್ತಿಗೆ ಎಲ್ಲಿರುತ್ತಾರೋ ಅಲ್ಲಿನ ಲೆಕ್ಕಕ್ಕೆ ಸೇರುತ್ತಾರೆ. ಕೊರಟಗೆರೆ 20 ಸಾವಿರ ದಾಟಿ ಪುರಸಭೆಯಾಗುತ್ತದೆಯೇ, ಮಧುಗಿರಿ 50 ಸಾವಿರದ ಹತ್ತಿರ ಬರುತ್ತದೆಯೇ ಎಂಬುದು ಅವರಲ್ಲಿ ಎಷ್ಟು ಮಂದಿ ಊರಲ್ಲೇ ಉಳಿದಿರುತ್ತಾರೆ ಎಂಬುದನ್ನೂ ಅವಲಂಬಿಸಿದೆ.

ಪಾವಗಡದವರಿಗೆ ಜಿಲ್ಲಾಧಿಕಾರಿ ಕಚೇರಿ ಸುಮಾರು 100 ಕಿ.ಮೀ. ದೂರ. ಮಧುಗಿರಿ ಜಿಲ್ಲೆಯಾದರೆ ಆ ದೂರ ಅರ್ಧದಷ್ಟು ಕಡಿಮೆಯಾದೀತು. ಆದರೂ ಪಾವಗಡದಿಂದ ಹೊರಟ ಬಸ್ಸು ನಡುವೆ ಆಂಧ್ರದ ನೆಲ ಹಾದೇ ಮಧುಗಿರಿ ಸೇರಬೇಕು.